ಆಮ್ಲದ ಬಲ ಎಲ್ಲಿ ಅಡಗಿದೆ?

ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು ಎಂದರ್ಥ. 18ನೆಯ ಶತಮಾನದಲ್ಲಿ ಈ ಅನಿಲಕ್ಕೆ ಹೆಸರಿಟ್ಟ ಫ್ರಾನ್ಸಿನ ಲಾವಾಸಿಯೆ, ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆಂದು ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ತಿಳಿದಾಗ ನಂಬಿಕೆ ಬಿದ್ದಿತು, ಹೆಸರು ಉಳಿಯಿತು. ಆದರೂ ಆಮ್ಲಜನಕವಿರುವ ಆಮ್ಲಗಳ ಬಲವನ್ನು ನಿರ್ಧರಿಸುವುದರಲ್ಲಿ ಅದರ ಪಾತ್ರ ದೊಡ್ಡದು.

ವಿದ್ಯಾರ್ಥಿಗಳೇ, ಕ್ಲೋರಿನ್ನಿನ ನಾಲ್ಕು ಆಮ್ಲಗಳ ಚಿತ್ರ ಬಿಡಿಸಿ ನೋಡಿ: ಹೈಪೋಕ್ಲೋರಸ್, ಕ್ಲೋರಸ್, ಕ್ಲೋರಿಕ್, ಪರ್‌ಕ್ಲೋರಿಕ್. ಇವುಗಳಲ್ಲಿ ಆಮ್ಲಜನಕದ ಪರಮಾಣುಗಳು ಕ್ರಮವಾಗಿ 1, 2, 3, 4. ಜಲಜನಕ ಮಾತ್ರ ಎಲ್ಲದರಲ್ಲೂ ಒಂದೇ. ಅದು ಅಂಟಿಕೊಂಡಿರುವುದು ಕ್ಲೋರಿನ್ನಿಗಲ್ಲ, ಒಂದು ಆಮ್ಲಜನಕಕ್ಕೆ. ಉಳಿದ ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆಯುವುದರಿಂದ ಜಲಜನಕದ ಬಂಧ ಸಡಿಲವಾಗುತ್ತದೆ. ಜಲಜನಕ ಅಯಾನಾಗಿ ಕಳಚಿಕೊಂಡ ಮೇಲೆ ಉಳಿಯುವ ಋಣ ವಿದ್ಯುದಂಶವನ್ನು ಎಲ್ಲ ಆಮ್ಲಜನಕಗಳೂ ಹಂಚಿಕೊಳ್ಳುತ್ತವೆ. ಹೊರೆ ಹಂಚಿದಷ್ಟೂ ಹಗುರವಲ್ಲವೇ? ಆದ್ದರಿಂದಲೇ ಆಮ್ಲದ ಬಲ ಏರುತ್ತದೆ. ಒಂದೇ ಒಂದು ಆಮ್ಲಜನಕ ಹೆಚ್ಚಿರುವ ಕ್ಲೋರಸ್ ಆಮ್ಲದ ವಿಯೋಜನ ಸ್ಥಿರಾಂಕ ಹೈಪೋಕ್ಲೋರಸ್‌ನದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು.

ಜಲಜನಕಗಳನ್ನು ಎಣಿಸಿ ಬಲವನ್ನು ಹೇಳಬಹುದೇ? ಸಾಧ್ಯವಿಲ್ಲ. ಫಾಸ್ಫಾರಿಕ್ ಆಮ್ಲದಲ್ಲಿ 3 ಜಲಜನಕಗಳಿವೆ, ನೈಟ್ರಿಕ್‌ನಲ್ಲಿ 1. ಆದರೂ ನೈಟ್ರಿಕ್ ಆಮ್ಲವೇ ಪ್ರಬಲ. ಜಲಜನಕವನ್ನು ಹೊರದ ಆಮ್ಲಜನಕಗಳನ್ನು ಎಣಿಸಿ: ನೈಟ್ರಿಕ್‌ನಲ್ಲಿ 2, ಫಾಸ್ಫಾರಿಕ್‌ನಲ್ಲಿ 1. ಗುಟ್ಟು ಇಲ್ಲಿದೆ.

ಹಾಗೆಂದು ದುರ್ಬಲ ಆಮ್ಲ ನಿರುಪಯೋಗಿಯಲ್ಲ. ಕುಡಿಯುವ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಹುಟ್ಟುವುದು ಹೈಪೋಕ್ಲೋರಸ್ ಆಮ್ಲ. ದುರ್ಬಲವಾದ್ದರಿಂದ ಅದರ ಬಹುಪಾಲು ಒಡೆಯದೆ ಇಡೀ ಅಣುವಾಗಿಯೇ ಇರಬಲ್ಲದು. ವಿದ್ಯುದಂಶವಿಲ್ಲದ ಈ ಅಣು ಕಾಲರಾ, ಟೈಫಾಯ್ಡ್ ರೋಗಾಣುಗಳ ಪೊರೆಯನ್ನು ಸುಲಭವಾಗಿ ದಾಟಿ ಅವನ್ನು ಕೊಲ್ಲುತ್ತದೆ. ಋಣ ಅಯಾನಿಗೆ ಅಷ್ಟು ಶಕ್ತಿಯಿಲ್ಲ. ನೀರಿನ ಪಿಎಚ್ 6.5 ಇದ್ದರೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇಡೀ ಅಣುಗಳು, 8.5 ಆದರೆ ಸುಮಾರು ಒಂದೇ ಪಾಲು. ಪುಡಿ ಅಷ್ಟೇ, ರಕ್ಷಣೆ ಮಾತ್ರ ಕಡಿಮೆ! ಆದ್ದರಿಂದಲೇ ಪಿಎಚ್ 8ಕ್ಕಿಂತ ಕಡಿಮೆ ಇರಬೇಕು, ಪುಡಿ ಬೆರೆತ ಮೇಲೆ ಕನಿಷ್ಠ 30 ನಿಮಿಷ ಕಾಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಿಮ್ಮ ಊರಿನ ಟ್ಯಾಂಕಿನ ನೀರಿನ ಪಿಎಚ್ ಎಷ್ಟು? ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ನೆರವಿನಿಂದ ಅಳೆದು ನೋಡಿ.