ಗಡಿಯಲ್ಲಿರುವ ಸಕ್ಕರೆ

'ಸಕ್ಕರೆ ಬಂದಿಲ್ಲ ಸ್ವಾಮಿ, ಗಡಿಯಲ್ಲಿದೆ ಅಷ್ಟೇ' ಎಂಬ ಮಾತನ್ನು ಮನೆಭೇಟಿಗೆ ಹೋದಾಗಲೆಲ್ಲ ನಾವು ಕೇಳುತ್ತೇವೆ. ಹೇಳುವವರ ಮುಖದಲ್ಲಿ ನೆಮ್ಮದಿಯೂ, ಕೈಯಲ್ಲಿ ನಮಗಾಗಿ ತಂದ ಸಿಹಿಯೂ ಇರುತ್ತವೆ!

ಈ ನೆಮ್ಮದಿ ಸಲ್ಲದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂತಹ ಗಡಿಯಲ್ಲಿದ್ದ 531 ಮಂದಿಯನ್ನು ನಾಲ್ಕು ಗುಂಪುಗಳಾಗಿಸಿ ಪರಿಶೀಲಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧಾರಣ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ದಿನವೂ ಅರ್ಧ ಗಂಟೆ ನಡೆಯುವಂತೆ, ಸಕ್ಕರೆ ಜಿಡ್ಡುಗಳನ್ನು ಮಿತಗೊಳಿಸುವಂತೆ ಮತ್ತೆ ಮತ್ತೆ ಕರೆದು ತಿಳಿಹೇಳಲ್ಪಟ್ಟವರಲ್ಲಿ ಈ ಸಂಖ್ಯೆ 39. ಮೆಟ್‌ಫಾರ್ಮಿನ್ ಮಾತ್ರೆ ಸೇವಿಸಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ನಡಿಗೆ, ಪಥ್ಯಗಳ ಜೊತೆಗೆ ಮಾತ್ರೆ ಕೊಟ್ಟಾಗಲೂ ಹೆಚ್ಚಿನ ಲಾಭವಾಗಲಿಲ್ಲ.

'ಇಷ್ಟು ನಡೆದರೂ ಮೈ ಇಳಿಯಲಿಲ್ಲ' ಎಂದು ಒಂದೇ ತಿಂಗಳಲ್ಲಿ ಕೈಬಿಡುವವರು ಒಂದನ್ನು ಗಮನಿಸಬೇಕು: ಚೆನ್ನೈನಲ್ಲಿ ನಡಿಗೆ, ಪಥ್ಯಗಳಿಂದ ಲಾಭ ಪಡೆದ ಗುಂಪಿನ ಸರಾಸರಿ ತೂಕವೂ ಇಳಿದಿರಲಿಲ್ಲ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ತಕ್ಕಡಿಯ ಮುಳ್ಳಿಗೆ ಅದು ಕಾಣುವುದಿಲ್ಲ.

ಆದರೂ 39 ಎಂಬುದು ಸಣ್ಣ ಸಂಖ್ಯೆಯಲ್ಲ. ಎಚ್ಚರದಿಂದಿದ್ದವರಿಗೂ ರೋಗ ಬರಬಹುದೆಂದ ಮೇಲೆ, ರೋಗಿಯ ನಾಲಗೆಯನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಅಪ್ಪನಿಗೊಬ್ಬನಿಗೆ ಸಪ್ಪೆ ಚಹ ಕೊಟ್ಟು, ಉಳಿದವರೆಲ್ಲ ಅವನೆದುರಿಗೇ ಸಿಹಿ ಸವಿಯುವ ಮನೆಗಳನ್ನು ನಾವು ಕಂಡಿದ್ದೇವೆ.