ಆಲ್ಪ್ಸ್ ದಾಟುವ ಬ್ಯಾಟರಿಯ ಲೆಕ್ಕಾಚಾರ

ನೆದರ್ಲೆಂಡ್ಸಿನ ಐಂಡ್‌ಹೋವನ್‌ನಿಂದ ಇಟಲಿಯ ವೆರೋನಾಕ್ಕೆ ರಸ್ತೆಯಲ್ಲಿ ಹೆಚ್ಚುಕಡಿಮೆ 1,100 ಕಿ.ಮೀ. ಚಿಪ್ ತಯಾರಿಸುವ ಯಂತ್ರಗಳ ಕೆಲಸಕ್ಕೆಂದು ಹೋಗಿ ಐಂಡ್‌ಹೋವನ್ ಸುತ್ತ ನೆಲೆಸಿದ ಕನ್ನಡದ ಕುಟುಂಬಗಳಿವೆ. ಬೇಸಿಗೆ ರಜೆ ಬಂತೆಂದರೆ ಡಚ್ಚರ ಹಾಗೆ ಇವರೂ ಕಾರಿನಲ್ಲಿ ದಕ್ಷಿಣಕ್ಕೆ ಹೊರಡುತ್ತಾರೆ. ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಬಂದ ಅಪ್ಪ-ಅಮ್ಮ ಹಿಂದಿನ ಸೀಟಿನಲ್ಲಿ. ಈ ದಾರಿಯಲ್ಲಿ ಒಂದೇ ಮಾದರಿಯ ಎರಡು ಎಲೆಕ್ಟ್ರಿಕ್ ಕಾರುಗಳು ಒಟ್ಟಿಗೆ ಹೊರಟವು ಎಂದುಕೊಳ್ಳಿ. ಜರ್ಮನಿಯ ಹೆದ್ದಾರಿಯಲ್ಲಿ ಒಂದು ಗಂಟೆಗೆ 110 ಕಿ.ಮೀ. ವೇಗದಲ್ಲಿ ಬ್ಯಾಟರಿ ಉಳಿಸಿಕೊಂಡು ಹೋಗುತ್ತದೆ. ಇನ್ನೊಂದು 130ರಲ್ಲಿ ಓಡಿ ಆಗಾಗ ಚಾರ್ಜರಿನ ಮುಂದೆ ನಿಲ್ಲುತ್ತದೆ. ಮೊದಲು ತಲುಪುವುದು ಯಾವುದು?

ಮೇಲ್ನೋಟಕ್ಕೆ ಮೊದಲನೆಯದೇ ಅನ್ನಿಸುತ್ತದೆ. ಲೆಕ್ಕ ಬೇರೆ ಹೇಳುತ್ತದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಚಕ್ರಗಳ ಉರುಳು ಘರ್ಷಣೆ ಮಾತ್ರ ವೇಗ ಹೆಚ್ಚಿದರೂ ಅಷ್ಟಾಗಿ ಬದಲಾಗುವುದಿಲ್ಲ. ಎರಡನ್ನೂ ಕೂಡಿಸಿ ಮಧ್ಯಮ ಗಾತ್ರದ ಕಾರಿಗೆ ಲೆಕ್ಕ ಹಾಕಿದರೆ, 110ರ ವೇಗದಲ್ಲಿ 100 ಕಿ.ಮೀ.ಗೆ ಸುಮಾರು 16 ಯೂನಿಟ್ ಖರ್ಚಾಗುತ್ತದೆ, 130ರಲ್ಲಿ 19.5. ಯೂನಿಟ್ ಎಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಇರುವುದೇ, ಒಂದು ಕಿಲೋವ್ಯಾಟ್ ಅವರ್. ಈಗ 150 ಕಿಲೋವ್ಯಾಟ್ ಸರಾಸರಿ ದರದಲ್ಲಿ ತುಂಬುವ ಚಾರ್ಜರ್ ಸಿಕ್ಕಿತೆನ್ನಿ. ಓಡಿದ ಹೊತ್ತಿಗೆ ನಿಂತ ಹೊತ್ತನ್ನೂ ಸೇರಿಸಿದರೆ ನಿಧಾನದ ಕಾರಿಗೆ ಪ್ರತಿ 100 ಕಿ.ಮೀ.ಗೆ 61 ನಿಮಿಷ, ವೇಗದ ಕಾರಿಗೆ 54. ಚಾರ್ಜರ್ 50 ಕಿಲೋವ್ಯಾಟಿನದಾದರೆ 74 ಮತ್ತು 70, ಅಂತರ ತಗ್ಗುತ್ತದೆ. ಬರೀ 11 ಕಿಲೋವ್ಯಾಟಿನದಾದರೆ ಲೆಕ್ಕ ತಲೆಕೆಳಗು: ನಿಧಾನದ ಕಾರು 142 ನಿಮಿಷ, ವೇಗದ್ದು 153. ನಿಧಾನವೇ ಪ್ರಧಾನ ಎಂಬ ಮಾತು ಚಾರ್ಜರ್ ಕೂಡ ನಿಧಾನವಾಗಿದ್ದಾಗ ಮಾತ್ರ ನಿಜ.

ಪೆಟ್ರೋಲ್ ಕಾರಿನವರಿಗೆ ಈ ತಲೆಬಿಸಿ ಇರಲಿಲ್ಲ. ಬಂಕಿನ ಪೈಪಿನಿಂದ ನಿಮಿಷಕ್ಕೆ 35 ಲೀಟರ್ ಹರಿದರೆ ಅದರ ರಾಸಾಯನಿಕ ಶಕ್ತಿ ಸುಮಾರು 18 ಮೆಗಾವ್ಯಾಟಿಗೆ ಸಮ. ಯೂರೋಪಿನ ಹೆದ್ದಾರಿಗಳಲ್ಲಿರುವ 350 ಕಿಲೋವ್ಯಾಟಿನ ಚಾರ್ಜರಿಗಿಂತ ಅದು ಐವತ್ತು ಪಟ್ಟು. ಅದರಲ್ಲಿ ಮುಕ್ಕಾಲು ಪಾಲನ್ನು ಎಂಜಿನ್ ಶಾಖವಾಗಿ ಕಳೆಯುತ್ತದೆ ಅನ್ನುವುದು ಬೇರೆ ಮಾತು; ತುಂಬಿಸುವ ಹೊತ್ತು ಲೆಕ್ಕಕ್ಕೇ ಬರುತ್ತಿರಲಿಲ್ಲ. ಎಲೆಕ್ಟ್ರಿಕ್ ಕಾರಿನ ಪ್ರಯಾಣ ಯೋಜನೆಯ ಕಷ್ಟವೂ ಕುತೂಹಲವೂ ಇಲ್ಲಿಂದಲೇ ಹುಟ್ಟುತ್ತವೆ. ಒಂದು ಸಲ ತುಂಬಿಸಿದರೆ ಎಷ್ಟು ದೂರ ಓಡುತ್ತದೆ ಎಂದು ಷೋರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ದೂರದ ಪ್ರಯಾಣಕ್ಕೆ ಅದಕ್ಕಿಂತ ಮುಖ್ಯವಾದದ್ದು ಹತ್ತು ನಿಮಿಷದಲ್ಲಿ ಎಷ್ಟು ತುಂಬಿಸಿಕೊಳ್ಳಬಲ್ಲದು ಎಂಬುದು.

ಅಂದಮೇಲೆ ಷೋರೂಮಿನ ಆ ಅಂಕಿ ಎಲ್ಲಿಂದ ಬಂತು? ಯೂರೋಪಿನಲ್ಲಿ ಅದನ್ನು ಅಳೆಯುವುದು ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆಯಿಂದ. ಪ್ರಯೋಗಾಲಯದ ರೋಲರುಗಳ ಮೇಲೆ ಅರ್ಧ ಗಂಟೆಯ, 23 ಕಿ.ಮೀ.ಗೆ ತುಸು ಮೀರಿದ ಓಟ. ನಡುವೆ ವೇಗ 131ಕ್ಕೆ ಮುಟ್ಟುವುದೇನೋ ನಿಜ, ಆದರೆ ಸರಾಸರಿ ಗಂಟೆಗೆ 46.5 ಕಿ.ಮೀ. ಮಾತ್ರ. ಸಿಗ್ನಲ್, ಹಳ್ಳಿ, ಹೆದ್ದಾರಿ ಎಲ್ಲ ಕಲೆತ ಓಡಾಟಕ್ಕೆ ಅದು ನ್ಯಾಯವಾದ ಅಳತೆ. ಇಡೀ ದಿನ 130ರಲ್ಲಿ ಓಡುವವರಿಗೆ ಅದರ ಕಾಲು ಭಾಗವನ್ನು ಮೊದಲೇ ಕಳೆದುಬಿಡುವುದು ಕ್ಷೇಮ. ಎದುರುಗಾಳಿ ಇದ್ದರೆ ಇನ್ನಷ್ಟು. 110ರಲ್ಲಿ ಓಡುವ ಕಾರಿಗೆ ಎದುರಿನಿಂದ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ, ಗಾಳಿಯ ಮಟ್ಟಿಗೆ ಆ ಕಾರು 130ರಲ್ಲಿ ಓಡುತ್ತಿದೆ. ಊರಿನಿಂದ ಬಂದವರ ಸೂಟ್‌ಕೇಸುಗಳಿಗೆಂದು ಛಾವಣಿಯ ಮೇಲೆ ಪೆಟ್ಟಿಗೆ ಕಟ್ಟಿದರೆ ಅದೂ ಗಾಳಿಗೆ ಅಡ್ಡ. ಸಾಮಾನಿನ ತೂಕಕ್ಕಿಂತ ಅದರ ಆಕಾರವೇ ಹೆಚ್ಚು ತಿನ್ನುತ್ತದೆ.

ಇನ್ನು ಚಾರ್ಜಿಂಗ್ ರೇಖೆ. ಹೊಸಬರು ಎಡವುವುದು ಇಲ್ಲೇ. ಫೋನಿನ ಅಭ್ಯಾಸದಿಂದ, ನಿಂತಾಗಲೆಲ್ಲ ನೂರು ಪ್ರತಿಶತ ತುಂಬಿಸಬೇಕು ಅನ್ನಿಸುತ್ತದೆ. ಬ್ಯಾಟರಿಯೊಳಗೆ ನಡೆಯುವುದು ಇಷ್ಟು: ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಸೇರಿಕೊಳ್ಳಬೇಕು. ಮದುವೆಮನೆಯ ಪಂಕ್ತಿಯಲ್ಲಿ ಮೊದಲು ಬಂದವರು ಕಂಡಲ್ಲಿ ಕೂರುತ್ತಾರೆ. ಕೊನೆಗೆ ಬಂದವರು ಖಾಲಿ ಎಲೆ ಹುಡುಕುತ್ತ ಸಾಲಿನ ಉದ್ದಕ್ಕೂ ನಡೆಯಬೇಕು. ಬ್ಯಾಟರಿ ತುಂಬುತ್ತ ಬಂದ ಹಾಗೆ ಅಯಾನುಗಳ ಪಾಡೂ ಅದೇ. ಆಗಲೂ ವಿದ್ಯುತ್ತನ್ನು ಜೋರಾಗಿ ತಳ್ಳಿದರೆ ಅವು ಪದರದೊಳಗೆ ಇಳಿಯದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತ ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ, ಅತಿಯಾದರೆ ಒಳಗೇ ಷಾರ್ಟ್ ಆಗುವ ಅಪಾಯ. ಅದಕ್ಕಾಗಿ ಕಾರಿನ ಕಂಪ್ಯೂಟರು ತಾನಾಗಿಯೇ ದರವನ್ನು ಇಳಿಸುತ್ತ ಹೋಗುತ್ತದೆ. ಹಲವು ಕಾರುಗಳಲ್ಲಿ 10ರಿಂದ 80 ಪ್ರತಿಶತಕ್ಕೆ ಅರ್ಧ ಗಂಟೆಯಾದರೆ, ಉಳಿದ 20ಕ್ಕೆ ಇನ್ನೊಂದು ಅರ್ಧ ಗಂಟೆ ಬೇಕು.

ನಮ್ಮ ಪ್ರಯಾಣಕ್ಕೆ ಇದನ್ನು ಅನ್ವಯಿಸಿ. 75 ಯೂನಿಟ್ ಬ್ಯಾಟರಿಯ ಕಾರು ಮನೆಯಿಂದ ಪೂರ್ತಿ ತುಂಬಿಸಿಕೊಂಡು ಹೊರಟರೆ, ವೆರೋನಾ ಮುಟ್ಟುವ ತನಕ ದಾರಿಯಲ್ಲಿ ಇನ್ನೂ 140 ಯೂನಿಟ್ಟಿನಷ್ಟು ಬೇಕು. ಎರಡೇ ಕಡೆ ನಿಂತು ಪ್ರತಿಸಲ 10ರಿಂದ 100ಕ್ಕೆ ತುಂಬಿಸಿದರೆ ಎರಡು ಗಂಟೆ ಹೋಯಿತು. ನಾಲ್ಕು ಕಡೆ ನಿಂತು 10ರಿಂದ 60ಕ್ಕೆ ಮಾತ್ರ ತುಂಬಿಸಿದರೆ ಸಲಕ್ಕೆ 18 ನಿಮಿಷದಂತೆ ಒಂದೂಕಾಲು ಗಂಟೆ. ಹೆದ್ದಾರಿ ಬಿಟ್ಟು ಒಳಗೆ ಬಂದು ಪ್ಲಗ್ ಹಾಕುವ ಹೊತ್ತನ್ನು ಸೇರಿಸಿದರೂ ಅರ್ಧ ಗಂಟೆಗೆ ಮೀರಿ ಉಳಿತಾಯ. ವಯಸ್ಸಾದವರು ಜೊತೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಹೇಗೂ ನಿಲ್ಲಿಸಲೇಬೇಕು. ಅದು ಲೆಕ್ಕಕ್ಕೆ ಸಿಗದ ಲಾಭ.

ಪುಟ್ಟ ಪುಟ್ಟ ನಿಲುಗಡೆಗಳ ಈ ತಂತ್ರ ನಡೆಯಬೇಕಾದರೆ ಚಾರ್ಜರುಗಳು ಒತ್ತೊತ್ತಾಗಿ ಇರಬೇಕು. ಕೆಲವು ವರ್ಷಗಳ ಹಿಂದೆ ಇರಲಿಲ್ಲ. ಜರ್ಮನ್ ಕಾರು ಕಂಪನಿಗಳು ಮತ್ತು ಫೋರ್ಡ್ ಸೇರಿ ಅಯೋನಿಟಿ ಜಾಲವನ್ನು ಕಟ್ಟಲು ಹೊರಟದ್ದು 2017ರಲ್ಲಿ. ಟೆಸ್ಲಾ ತನ್ನ ಚಾರ್ಜರುಗಳನ್ನು ಬೇರೆ ಕಂಪನಿಯ ಕಾರುಗಳಿಗೆ ಮೊದಲು ತೆರೆದದ್ದು 2021ರ ನವೆಂಬರಿನಲ್ಲಿ, ಅದೂ ನೆದರ್ಲೆಂಡ್ಸಿನ ಹತ್ತೇ ಕಡೆ. 2024ರ ಏಪ್ರಿಲ್ 13ರಿಂದ ಐರೋಪ್ಯ ಒಕ್ಕೂಟದ ಹೊಸ ನಿಯಮ ಜಾರಿಗೆ ಬಂತು: ಮುಖ್ಯ ಹೆದ್ದಾರಿ ಜಾಲದ ಎರಡೂ ದಿಕ್ಕಿನಲ್ಲಿ 60 ಕಿ.ಮೀ.ಗೊಂದರಂತೆ ಕಾರುಗಳ ಚಾರ್ಜಿಂಗ್ ತಾಣ ಬೇಕು, 2025ರ ಕೊನೆಯೊಳಗೆ ಪ್ರತಿ ತಾಣದ ಒಟ್ಟು ಸಾಮರ್ಥ್ಯ ಕನಿಷ್ಠ 400 ಕಿಲೋವ್ಯಾಟ್, 2027ರ ಕೊನೆಗೆ 600. ಹೊಸದಾಗಿ ನೆಡುವ ವೇಗದ ಚಾರ್ಜರುಗಳಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿದರೂ ಸಾಕು ಎಂಬುದು ಇದೇ ನಿಯಮದ ಇನ್ನೊಂದು ಮಾತು. ನನ್ನನ್ನು ಕೇಳಿದರೆ, ಹತ್ತು ಆ್ಯಪುಗಳ ಪಾಸ್‌ವರ್ಡ್ ನೆನಪಿಟ್ಟುಕೊಂಡು ಗಡಿ ದಾಟುತ್ತಿದ್ದವರಿಗೆ ಕಿಲೋವ್ಯಾಟಿಗಿಂತ ಇದೇ ದೊಡ್ಡ ಉಪಕಾರ. ಪ್ಲಗ್ಗಿನ ತಕರಾರು ಅಷ್ಟು ಹೊತ್ತಿಗೆ ಮುಗಿದಿತ್ತು. ಅಲ್ಲಿ ಎಲ್ಲ ಕಡೆ ಸಿಸಿಎಸ್-2. ನಮ್ಮ ಟಾಟಾ, ಮಹೀಂದ್ರ ಕಾರುಗಳಿಗೆ ಇರುವುದೂ ಅದೇ.

ಚಾರ್ಜರ್ ಹೆಚ್ಚಿದಷ್ಟೂ ಆಯ್ಕೆಗಳು ಹೆಚ್ಚುತ್ತವೆ. ಎಲ್ಲಿ ನಿಲ್ಲಬೇಕು, ಎಷ್ಟು ತುಂಬಿಸಬೇಕು, ಬ್ರೆನ್ನರ್ ಕಣಿವೆಯ ದಾರಿಯೋ ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಸುರಂಗವೋ, ಎಷ್ಟು ವೇಗ? ಕಾಗದದ ಮೇಲೆ ಕೂತು ಬಿಡಿಸುವ ಲೆಕ್ಕವಲ್ಲ ಇದು. ಸ್ವೀಡನ್ನಿನ ಬೂ ಲಿಂಕನ್ ರೂಪಿಸಿದ ‘ಎ ಬೆಟರ್ ರೂಟ್‌ಪ್ಲಾನರ್’ ಜನಪ್ರಿಯವಾದದ್ದು ಇದೇ ಕಾರಣಕ್ಕೆ. 2023ರಲ್ಲಿ ಅದನ್ನು ಅಮೆರಿಕದ ಕಾರು ಕಂಪನಿ ರಿವಿಯನ್ ಕೊಂಡುಕೊಂಡಿತು. ಇಂಥ ಆ್ಯಪುಗಳ ಒಳಗಿನ ಗಣಿತದ ಮೂಲ ನೆದರ್ಲೆಂಡ್ಸಿನಲ್ಲೇ ಇದೆ. 1956ರಲ್ಲಿ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ ಆಮ್‌ಸ್ಟರ್‌ಡ್ಯಾಮಿನಲ್ಲಿ ತಮ್ಮ ಭಾವಿ ಪತ್ನಿಯೊಂದಿಗೆ ಅಂಗಡಿ ಸುತ್ತಿ ದಣಿದು ಕಾಫಿ ಕುಡಿಯಲು ಕೂತರು. ರೋಟರ್‌ಡ್ಯಾಮಿನಿಂದ ಖ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಹುಡುಕುವುದು ಹೇಗೆಂದು ಅಲ್ಲೇ, ಕಾಗದ-ಪೆನ್ನು ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಹೊಳೆಯಿತು. ಮೂರು ವರ್ಷದ ಮೇಲೆ ಪ್ರಕಟವಾದ ಆ ಅಲ್ಗಾರಿದಮ್ ಇಂದಿಗೂ ನಕ್ಷೆಯ ತಂತ್ರಾಂಶಗಳ ಅಡಿಪಾಯ.

ಅದಕ್ಕೊಂದು ಷರತ್ತಿದೆ. ಯಾವ ರಸ್ತೆಯ ಖರ್ಚೂ ಸೊನ್ನೆಗಿಂತ ಕಡಿಮೆ ಇರಬಾರದು. ಒಂದು ಊರಿಗೆ ಅತಿ ಅಗ್ಗದ ದಾರಿ ಸಿಕ್ಕಿತೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಡೈಕ್‌ಸ್ಟ್ರಾ ವಿಧಾನ ಆ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಸುತ್ತುಹೊಡೆದು ಬಂದರೆ ಕಡಿಮೆಯಾದೀತು ಎಂಬ ಸಂಶಯಕ್ಕೆ ಅಲ್ಲಿ ಎಡೆಯಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಇದು ಸರಿ. ಡಚ್ಚರ ಚಪ್ಪಟೆ ನೆಲದಲ್ಲಂತೂ ಯೂನಿಟ್ ಲೆಕ್ಕದಲ್ಲೂ ಸರಿ. ಆಲ್ಪ್ಸ್‌ನಲ್ಲಿ ಸರಿಯಲ್ಲ. ನೂರು ಮೀಟರಿಗೆ ಎರಡೂವರೆ ಮೀಟರಿಗಿಂತ ಹೆಚ್ಚು ಇಳಿಯುವ ರಸ್ತೆಯಲ್ಲಿ ನೂರರ ವೇಗದ ಕಾರಿನ ಮೋಟರು ಜನರೇಟರಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ವಾಪಸು ಕೊಡುತ್ತದೆ. ಆ ರಸ್ತೆಯ ಖರ್ಚು ಋಣ ಸಂಖ್ಯೆ.

ಪರಿಹಾರ ಸಿಕ್ಕಿದ್ದು ಭೌತಶಾಸ್ತ್ರದಿಂದ. 2011ರಲ್ಲಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದಂತೆ, ಪ್ರತಿ ಸ್ಥಳಕ್ಕೂ ಅದರ ಎತ್ತರದ ಪ್ರಚ್ಛನ್ನ ಶಕ್ತಿಯನ್ನು ಜಮಾ ಎಂದು ಬರೆದುಕೊಂಡರೆ ಸಾಕು. ಘಟ್ಟ ಹತ್ತುವಾಗ ವ್ಯಯಿಸಿದ್ದು ಆಗ ನಷ್ಟವಲ್ಲ, ಎತ್ತರದ ಖಾತೆಗೆ ವರ್ಗವಾದ ಹಣ. ಇಳಿಯುವಾಗ ಬಂದದ್ದು ಲಾಭವಲ್ಲ, ಖಾತೆಯಿಂದ ತೆಗೆದದ್ದು. ಉಳಿಯುವುದು ಗಾಳಿ, ಚಕ್ರ, ತಂತಿಗಳಲ್ಲಿ ನಿಜವಾಗಿ ಕಳೆದುಹೋದ ಶಕ್ತಿ. ಅದು ಎಂದೂ ಋಣವಾಗದು, ಏಕೆಂದರೆ ಘರ್ಷಣೆ ಯಾರಿಗೂ ಶಕ್ತಿಯನ್ನು ವಾಪಸು ಕೊಟ್ಟಿಲ್ಲ. ಡೈಕ್‌ಸ್ಟ್ರಾ ವಿಧಾನ ಮತ್ತೆ ಓಡುತ್ತದೆ. ಚಾರ್ಜಿಂಗ್ ನಿಲುಗಡೆಗಳನ್ನೂ ಸೇರಿಸಿದರೆ ಮಾತ್ರ ಸಮಸ್ಯೆ ಬೇರೆಯೇ ಎತ್ತರಕ್ಕೆ ಹೋಗುತ್ತದೆ. ಒಂದೇ ಊರಿಗೆ ಬೇಗ ಬಂದು 15 ಪ್ರತಿಶತ ಉಳಿಸಿಕೊಂಡಿರುವುದು ಮೇಲೋ, ಹತ್ತು ನಿಮಿಷ ತಡವಾಗಿ 40 ಉಳಿಸಿಕೊಂಡಿರುವುದೋ? ಮುಂದಿನ ದಾರಿ ನೋಡದೆ ಹೇಳಲಾಗದು, ಆದ್ದರಿಂದ ಎರಡನ್ನೂ ಕೈಯಲ್ಲಿ ಇಟ್ಟುಕೊಂಡೇ ಸಾಗಬೇಕು. ಕಾರ್ಲ್ಸ್‌ರೂಹೆಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವಿಧಾನ ಈ ಕವಲುಗಳ ಕಾಡನ್ನು ಸವರಲು ಹೊರಟದ್ದು.

ಚಳಿಗಾಲದ ವಿಚಾರ ಎಲ್ಲರೂ ಹೆದರಿಸುವಷ್ಟು ಕೆಟ್ಟದ್ದಲ್ಲ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಎಲೆಕ್ಟ್ರಿಕ್ ಆಗಿದ್ದ ದೇಶ ನಾರ್ವೆ. ಹೀಟರ್ ಎರಡು ಕಿಲೋವ್ಯಾಟ್ ಎಳೆದರೆ ನೂರರ ವೇಗದಲ್ಲಿ 100 ಕಿ.ಮೀ.ಗೆ ಎರಡೇ ಯೂನಿಟ್ ಹೆಚ್ಚು. ಗಂಟೆಗೆ ಮೂವತ್ತರಂತೆ ತೆವಳುವ ಪೇಟೆಯ ಓಡಾಟದಲ್ಲಿ ಅದೇ ಹೀಟರ್ ಆರೂವರೆ ಯೂನಿಟ್ ಮೀರಿ ತಿನ್ನುತ್ತದೆ. ನಿಜವಾದ ತೊಂದರೆ ಚಾರ್ಜರಿನ ಮುಂದೆ. ತಣ್ಣಗಿನ ಬ್ಯಾಟರಿಯಲ್ಲಿ ಅಯಾನುಗಳ ಚಲನೆ ಮಂದ, ಅರ್ಧ ಗಂಟೆಯ ಕೆಲಸ ಒಂದು ಗಂಟೆಗೆ ಎಳೆಯಬಹುದು. ಕಾರಿನದೇ ನಕ್ಷೆಯಲ್ಲಿ ಮುಂದಿನ ಚಾರ್ಜರನ್ನು ಗುರಿಯಾಗಿ ಹಾಕಿದರೆ, ಹಲವು ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು ಹೋಗುತ್ತವೆ. ಫೋನಿನ ನಕ್ಷೆ ನೋಡಿಕೊಂಡು ಓಡಿಸಿದರೆ ಕಾರಿಗೆ ಅದು ಗೊತ್ತಾಗುವುದು ಹೇಗೆ?

ರಾತ್ರಿಯ ತಂಗುದಾಣಕ್ಕೆ ಯೋಜನೆಯಲ್ಲಿ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂದು ನನ್ನ ದೂರು. ಹೋಟೆಲಿನ ಹಿತ್ತಲಲ್ಲಿರುವ ಮೂರು ಫೇಸಿನ 16 ಆಂಪಿಯರ್ ಚಾರ್ಜರ್ 11 ಕಿಲೋವ್ಯಾಟ್ ಕೊಡುತ್ತದೆ. ಆರು ಗಂಟೆ ನಿದ್ದೆ ಮಾಡಿ ಏಳುವಷ್ಟರಲ್ಲಿ 60 ಯೂನಿಟ್ ಮೀರಿ ತುಂಬಿರುತ್ತದೆ. ಪ್ರಯಾಣದ ಹೊತ್ತಿನಲ್ಲಿ ಅದರ ಬೆಲೆ ಸೊನ್ನೆ ನಿಮಿಷ. ಗೋಡೆಯ ಸಾಮಾನ್ಯ ಸಾಕೆಟ್ಟಿನಿಂದ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್ ಮಾತ್ರ, ರಾತ್ರಿಯಿಡೀ ಹಾಕಿದರೂ ಹೆಚ್ಚೆಂದರೆ 23 ಯೂನಿಟ್. ಹೆದ್ದಾರಿಯ ಚಾರ್ಜರಿಗೆ ಕೇಬಲ್ ಅಂಟಿಕೊಂಡೇ ಇರುತ್ತದೆ. ಇಂಥ ನಿಧಾನದ ಚಾರ್ಜರುಗಳಲ್ಲಿ ಅನೇಕಕ್ಕೆ ಬರೀ ತೂತು. ಕೇಬಲ್ ನಮ್ಮದೇ ಬೇಕು. ಅದು ಸಾಮಾನಿನ ಅಡಿಗೆ ಹೂತಿದ್ದರೆ ಮಳೆಯಲ್ಲಿ ಎಲ್ಲ ಇಳಿಸಿ ಹುಡುಕಬೇಕಾಗುತ್ತದೆ, ಮೇಲೆಯೇ ಇಡಿ.

ಹೋದ ಯೋಜನೆಯನ್ನೇ ಉಲ್ಟಾ ಮಾಡಿ ವಾಪಸು ಬರಲು ಆಗದು. ದಕ್ಷಿಣಕ್ಕೆ ಹೋಗುವಾಗ ಇನ್ಸ್‌ಬ್ರುಕ್‌ನ 574 ಮೀಟರಿನಿಂದ ಬ್ರೆನ್ನರ್‌ನ 1,370 ಮೀಟರಿಗೆ ಹತ್ತಿದರೆ ಆಯಿತು. ಎರಡು ಟನ್ನಿಗೆ ಮೀರಿದ ತುಂಬಿದ ಕಾರಿಗೆ ಎತ್ತರದ ಖರ್ಚು ಐದು ಯೂನಿಟ್. ಮರಳುವಾಗ ವೆರೋನಾ ಇರುವುದೇ ಸಮುದ್ರಮಟ್ಟದಿಂದ ಅರವತ್ತು ಮೀಟರಿನಷ್ಟು ಮೇಲೆ. ಸಾವಿರದ ಮುನ್ನೂರು ಮೀಟರ್ ಏರಬೇಕು, ಎಂಟು ಯೂನಿಟ್ಟಿನ ಹತ್ತಿರ. ಬ್ರೆನ್ನರ್ ತುದಿಯಲ್ಲಿ ಬ್ಯಾಟರಿ ತೀರಾ ಕೆಳಗಿಳಿದಿದ್ದರೂ ಇನ್ಸ್‌ಬ್ರುಕ್ ತನಕದ ಮೂವತ್ತೇಳು ಕಿ.ಮೀ. ಇಳಿಜಾರೇ, ಗಾಬರಿಪಡಬೇಕಿಲ್ಲ. ಅಲ್ಲಿಯೇ ಪೂರ್ತಿ ತುಂಬಿಸಿಕೊಂಡು ಇಳಿಯುವವರಿಗೆ ಮಾತ್ರ ಫಜೀತಿ. ಇಳಿಜಾರು ಕೊಡುವ ವಿದ್ಯುತ್ತಿಗೆ ತುಂಬಿದ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ, ಅದಷ್ಟೂ ಬ್ರೇಕಿನ ಶಾಖವಾಗಿ ಹೋಗುತ್ತದೆ.