ಎರಡನೇ ಆಲ್ಬಂಗೆ ಸಿಗದ ನ್ಯಾಯ

ರಾಕ್ ಸಂಗೀತವನ್ನು ಮನಸಾರೆ ಕೇಳುವವರ ನಡುವೆ ಒಂದು ತಕರಾರು ಎಂದಿಗೂ ಮುಗಿಯುವುದಿಲ್ಲ. ತಮ್ಮ ಮೆಚ್ಚಿನ ತಂಡದ ಯಾವ ಆಲ್ಬಂ ಎಲ್ಲಕ್ಕಿಂತ ಒಳ್ಳೆಯದು ಎಂಬ ಚರ್ಚೆ ಬೇಗ ತಣ್ಣಗಾಗುತ್ತದೆ. ಯಾವ ಆಲ್ಬಂಗೆ ಅನ್ಯಾಯವಾಗಿದೆ ಎಂಬ ಮಾತು ಬಂದರೆ ಮಾತ್ರ ದನಿ ಏರುತ್ತದೆ. ಕನ್ನಡದಲ್ಲಿ ಹಾಡುವ ರಾಕ್ ತಂಡಗಳು ಕಡಿಮೆ. ಆದರೂ ಈ ತಕರಾರಿಗೆ ನಮ್ಮದೇ ಆದ ಒಂದು ಉದಾಹರಣೆ ಇದೆ. ದಿ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು, ಎರಡನೆಯದಾದ ‘ಜಗ್ ಚಂಗಾ’ 2013ರಲ್ಲಿ. ಮೊದಲನೆಯದನ್ನು ಕೇಳಿದವರು ಅದನ್ನೇ ತಂಡದ ಗುರುತು ಎಂದು ಹಿಡಿದುಕೊಂಡರು. ಎರಡನೆಯದು ಮೊದಲನೆಯದರ ನೆರಳಿನಲ್ಲೇ ಉಳಿಯಿತು. ಆ ನೆರಳಿನಿಂದ ಅದನ್ನು ಹೊರಗೆ ತಂದು ನೋಡಬೇಕು. ಹಾಗೆ ನೋಡುವುದಕ್ಕೆ ಬೆಂಗಳೂರಿನ ಕ್ಲಬ್ಬಿಗಿಂತ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಿವಿಯೇ ಹೆಚ್ಚು ತಕ್ಕದ್ದು ಎಂಬುದು ಈ ಬರಹದ ವಾದ.

ಸಿನಿಮಾ ಹಾಡುಗಳ ನಾಡಿನಲ್ಲಿ ಆಲ್ಬಂ ಎಂದರೆ ಒಂದು ಚಿತ್ರದ ಹಾಡುಗಳ ಕಟ್ಟು ಎಂದೇ ನಮಗೆ ರೂಢಿ. ಅಲ್ಲಿ ಹಾಡುಗಳನ್ನು ಒಂದಕ್ಕೊಂದು ಕಟ್ಟಿಹಾಕುವುದು ಕಥೆ. ರಾಕ್ ತಂಡದ ಆಲ್ಬಂಗೆ ಅಂಥ ಹೊರಗಿನ ಕಥೆ ಇರುವುದಿಲ್ಲ. ಎಂಟೋ ಹತ್ತೋ ಹಾಡುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಒಂದು ಕೃತಿಯಾಗಬೇಕು. ಆದ್ದರಿಂದ ಅಭಿಮಾನಿಗಳು ಆಲ್ಬಂ ಬಗ್ಗೆ ವಾದಿಸುವಾಗ ಯಾವ ಹಾಡು ಚೆಂದ ಎಂದಷ್ಟೇ ಕೇಳುವುದಿಲ್ಲ; ಎಲ್ಲ ಹಾಡುಗಳೂ ಸೇರಿ ಏನು ಹೇಳುತ್ತಿವೆ ಎಂದು ಕೇಳುತ್ತಾರೆ. ಒಂದು ಕವನ ಸಂಕಲನವನ್ನು ಓದುವಾಗ ನಾವು ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಮೊದಲ ಆಲ್ಬಂ ಗೆದ್ದದ್ದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇವೆ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ವಿಜ್ಞಾನ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ತೊಂಬತ್ತರ ದಶಕದ ಕೊನೆಯಲ್ಲಿ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದ್ದರು. ವರ್ಷಗಟ್ಟಲೆ ವೇದಿಕೆಯ ಮೇಲೆ ಹಾಡಿ ಹಾಡಿ ಹದವಾದ ಹಾಡುಗಳೇ ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಅವರ ಸಂಸ್ಥೆಯಿಂದ ಆಲ್ಬಂ ಆಗಿ ಹೊರಬಂದವು. ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಎಲೆಕ್ಟ್ರಿಕ್ ಗಿಟಾರಿನ ಜೊತೆ ಕೇಳಿಸಿದ್ದು ಕನ್ನಡದ ಯುವಕರಿಗೆ ಹೊಸ ಅನುಭವ. ‘ಮೈಸೂರ್ ಸೇ ಆಯಿ’ ಹಿಂದಿ ಬಲ್ಲವರ ಬಾಯಲ್ಲೂ ಕುಣಿಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಮರುವರ್ಷ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿಯೂ ಬಂತು. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕನ್ನಡದ ತತ್ವಪದ ಹಾಡಿದವರಿಗೆ ಇಂಗ್ಲೆಂಡಿನ ಜನ ಕುಣಿದರು ಎಂಬ ಹೆಮ್ಮೆ ಆ ಆಲ್ಬಂಗೆ ಅಂಟಿಕೊಂಡಿತು. ಮುಂದೆ ಏನೇ ಬಂದರೂ ಅದನ್ನು ಅಳೆಯುವ ಕೋಲು ಇದೇ ಆಯಿತು.

ಐದು ವರ್ಷಗಳ ನಂತರ ಬಂದ ‘ಜಗ್ ಚಂಗಾ’ದಲ್ಲಿ ಎಂಟು ಹಾಡುಗಳಿವೆ. ಪಂಜಾಬಿ ಹೆಸರಿನ ಶೀರ್ಷಿಕೆ ಗೀತೆ ಇದೆ, ‘ರೇನ್ ಸಾಂಗ್’ ಎಂಬ ಇಂಗ್ಲಿಷ್ ಹಾಡಿದೆ, ‘ಯಾದೋಂ ಕಿ ಕ್ಯಾರಿ’ ಎಂಬ ಹಿಂದಿ ಹಾಡಿದೆ. ಷರೀಫರ ‘ಕೋಡಗನ ಕೋಳಿ ನುಂಗಿತ್ತ’ ಮತ್ತು ‘ಲೋಕದ ಕಾಳಜಿ’ ಕೂಡ ಇವೆ. ಇದರ ಮೇಲಿನ ದೂರುಗಳು ಮುಖ್ಯವಾಗಿ ಮೂರು: ಭಾಷೆಗಳ ಕಲಬೆರಕೆ ಹೆಚ್ಚಾಯಿತು, ಸ್ಟುಡಿಯೋದ ಪಾಲಿಶ್ ಹೆಚ್ಚಾಗಿ ಮೊದಲಿನ ಒರಟುತನ ಹೋಯಿತು, ಷರೀಫರನ್ನು ಮತ್ತೆ ಹಾಡಿದ್ದು ಹಳೆಯ ಸೂತ್ರವನ್ನೇ ಮತ್ತೆ ಬಳಸಿದಂತಾಯಿತು. ಇವು ಹಗುರ ಮಾತುಗಳಲ್ಲ. ಆದರೆ ಮೂರೂ ಒಂದೇ ತಪ್ಪು ಕಡೆಯಿಂದ ಹೊರಡುತ್ತವೆ. ಷರೀಫರ ಪದಗಳನ್ನು ಆಲ್ಬಂನ ಅಲಂಕಾರ ಎಂದು ತಿಳಿದವರಿಗೆ ಮಾತ್ರ ಹೀಗೆ ಕಾಣುತ್ತದೆ. ಆ ಪದಗಳೇ ಆಲ್ಬಂನ ಬೆನ್ನೆಲುಬು ಎಂದು ಹಿಡಿದು ಕೇಳಿದರೆ ಚಿತ್ರ ಬದಲಾಗುತ್ತದೆ.

ತುಂಗಭದ್ರೆಯ ಈ ದಂಡೆಯ ಓದುಗರಿಗೆ ತತ್ವಪದ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಳ್ಳಿಯ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ಅಮಾವಾಸ್ಯೆಯ ರಾತ್ರಿ ಹಾರ್ಮೋನಿಯಂ, ದಮ್ಮಡಿ, ತಾಳ ಹಿಡಿದು ಕೂರುವ ಭಜನಾ ಮೇಳದ ಹಾಡಿಕೆ ಇಲ್ಲಿ ಇನ್ನೂ ನಿಂತಿಲ್ಲ. ಅಲ್ಲಿ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸುತ್ತಿಗೂ ಲಯ ಬಿಗಿಯಾಗುತ್ತದೆ. ಕೊನೆಯಲ್ಲಿ ಹಾಡುವವರು ಯಾರು, ಕೇಳುವವರು ಯಾರು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಕಂಪ್ಲಿಯ ಕುಮಾರರಾಮನ ಕಥೆಯನ್ನು ಹಾಡುತ್ತಿದ್ದದ್ದೂ ಇಂಥದೇ ಆವರ್ತನೆಯ ಬಲದಿಂದ. ಹಂಪಿ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಗೌರವ ಕೊಟ್ಟ ಆ ಹಾಡುಗಾರ್ತಿ 2014ರಲ್ಲಿ ತೀರಿಕೊಂಡರು. ಹಾಡಿದ್ದನ್ನೇ ಹಾಡುವುದು ಬಡತನವಲ್ಲ, ಅದು ಕಥೆಯನ್ನು ಹೊತ್ತೊಯ್ಯುವ ಗಾಲಿ ಎಂಬುದನ್ನು ಇಲ್ಲಿನ ಜನ ಬಹಳ ಹಿಂದೆಯೇ ಅರಿತಿದ್ದಾರೆ. ರಾಕ್ ಸಂಗೀತದ ಮೂಲಶಕ್ತಿಯೂ ಇದೇ: ಚಿಕ್ಕದೊಂದು ಗಿಟಾರಿನ ಎಳೆ, ಬಿಡದೆ ತಿರುಗುವ ಡ್ರಮ್ಸಿನ ನಡೆ, ಸುತ್ತಿನಿಂದ ಸುತ್ತಿಗೆ ಏರುವ ಒತ್ತಡ.

ಈ ಕಾರಣಕ್ಕೇ ‘ಕೋಡಗನ ಕೋಳಿ ನುಂಗಿತ್ತ’ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದು ಬೆಡಗಿನ ಪದ, ಅಂದರೆ ಒಗಟಿನಂಥ ಪದ. ಕೋಳಿ ಮಂಗನನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಬಳಿದ ಸುಣ್ಣವನ್ನು ಗೋಡೆ ನುಂಗುತ್ತದೆ, ಕುಣಿಯಲು ಬಂದವಳನ್ನು ಮದ್ದಳೆ ನುಂಗುತ್ತದೆ. ಒಂದೊಂದು ಸಾಲೂ ಹಿಂದಿನದಕ್ಕಿಂತ ವಿಚಿತ್ರ. ಎಲ್ಲಕ್ಕೂ ಕೊನೆಯ ಕ್ರಿಯಾಪದ ಒಂದೇ. ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಿದಾಗ ಅಷ್ಟು ಹೊತ್ತು ತಮಾಷೆಯಂತೆ ಕಂಡದ್ದು ಒಮ್ಮೆಲೇ ಗಂಭೀರವಾಗುತ್ತದೆ. ಪದದ ಕಟ್ಟಡವೇ ಒಂದರ ಮೇಲೊಂದು ಪೇರಿಸುವಂಥದ್ದು. ಅದನ್ನು ಮೆಲ್ಲಗೆ, ಭಾವ ತುಂಬಿ ಹಾಡಿದರೆ ಒಗಟಿನ ಅರ್ಥ ಕೇಳಿಸುತ್ತದೆ ನಿಜ. ಆದರೆ ನುಂಗುವಿಕೆಯ ವೇಗ ಕೇಳಿಸುವುದಿಲ್ಲ. ರಾಕ್ ತಂಡದ ಕೈಯಲ್ಲಿ ಆ ವೇಗ ಮೈಗೆ ತಾಗುತ್ತದೆ. ಮೊದಲ ಆಲ್ಬಂನ ಎರಡು ಷರೀಫರ ಪದಗಳು, ಗುಡುಗುಡಿ ಮತ್ತು ಮಾಳಿಗಿ, ಒಂದೊಂದೇ ರೂಪಕವನ್ನು ಹಿಡಿದು ಬೆಳೆಸುವಂಥವು. ಅಲ್ಲಿ ತಂಡ ಒಂದು ಒಳ್ಳೆಯ ಧಾಟಿ ಹಾಕಿದರೆ ಸಾಕಾಗಿತ್ತು. ಕೋಡಗನ ಪದ ಹಾಗಲ್ಲ, ಅದು ಕಟ್ಟಡವನ್ನೇ ಬೇಡುತ್ತದೆ. ಎರಡನೇ ಆಲ್ಬಂ ಹಳೆಯ ಸೂತ್ರವನ್ನೇ ಮತ್ತೆ ಹಿಡಿಯಿತು ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಿಲ್ಲ.

ಇನ್ನು ‘ಲೋಕದ ಕಾಳಜಿ’. ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಷರೀಫರು ಈ ಪದದಲ್ಲಿ ಪ್ರೀತಿಯಿಂದ ಕೆಣಕುತ್ತಾರೆ: ಮಾಡು, ಯಾರು ಬೇಡ ಅಂದರು, ಆದರೆ ನಿನ್ನ ಹಿಡಿತಕ್ಕೆ ಸಿಗುವುದೆಷ್ಟು ಎಂಬ ಧಾಟಿ ಅದು. ಆಲ್ಬಂನ ಶೀರ್ಷಿಕೆ ಗೀತೆಯ ಹೆಸರು ಜಗತ್ತು ಒಳ್ಳೆಯದೆಂದು ಸಾರುತ್ತದೆ. ಈ ಎರಡನ್ನೂ ಒಂದೇ ಆಲ್ಬಂನಲ್ಲಿ ಇಟ್ಟದ್ದು ಆಕಸ್ಮಿಕವೋ ಉದ್ದೇಶವೋ, ಕೇಳುವವರಿಗೆ ಅವು ಒಂದಕ್ಕೊಂದು ಉತ್ತರ ಕೊಟ್ಟಂತೆ ಕೇಳಿಸುತ್ತವೆ. ಒಂದು ಲೋಕವನ್ನು ತಬ್ಬಿಕೊಳ್ಳುತ್ತದೆ, ಇನ್ನೊಂದು ಅದೇ ಲೋಕದ ಭಾರವನ್ನು ಇಳಿಸು ಎನ್ನುತ್ತದೆ. ನಡುವೆ ಮಳೆ ಬರುತ್ತದೆ, ನೆನಪು ಬರುತ್ತದೆ, ಅಮ್ಮ ಬರುತ್ತಾಳೆ. ಲೋಕದಲ್ಲಿ ನಮ್ಮನ್ನು ಹಿಡಿದಿಡುವ ಎಳೆಗಳೇ ಇವು. ಮೊದಲ ಆಲ್ಬಂ ಒಳ್ಳೆಯ ಹಾಡುಗಳ ಗುಚ್ಛ. ‘ಜಗ್ ಚಂಗಾ’ ಒಂದು ಪ್ರಶ್ನೆಯ ಸುತ್ತ ತಿರುಗುವ ಕೃತಿ. ಆಲ್ಬಂ ಎಂಬ ಅಳತೆಯಲ್ಲಿ ಎರಡನೆಯದೇ ಮೇಲು.

ಭಾಷೆಗಳ ಕಲಬೆರಕೆಯ ದೂರಿಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಒಂದೇ ಪ್ರಶ್ನೆಯನ್ನು ಹಲವು ನುಡಿಗಳಲ್ಲಿ ಕೇಳಿದರೆ ಪ್ರಶ್ನೆ ಒಡೆಯುವುದಿಲ್ಲ. ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಹೊಸಪೇಟೆ–ಸಂಡೂರಿನವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಪಾಲಿಶ್ ಹೆಚ್ಚಾಯಿತು ಎಂಬ ದೂರಿನಲ್ಲಿ ಸತ್ಯವಿದೆ. ವೇದಿಕೆಯ ಬೆವರು ಸ್ಟುಡಿಯೋಗೆ ಪೂರ್ತಿಯಾಗಿ ಇಳಿದಿಲ್ಲ. ಆದರೆ ಈ ಮಾತು ಮೊದಲ ಆಲ್ಬಂಗೂ ಸಲ್ಲುತ್ತದೆ. ಲೈವ್ ಕೇಳಿದ ನೆನಪನ್ನು ಮೊದಲ ಆಲ್ಬಂನ ಖಾತೆಗೆ ಜಮಾ ಮಾಡಿ, ಎರಡನೆಯದನ್ನು ಬರೀ ಧ್ವನಿಮುದ್ರಣವಾಗಿ ಅಳೆಯುವುದು ಸರಿಯಲ್ಲ.

ಗಟ್ಟಿಯಾದ ಆಕ್ಷೇಪ ಬರುವುದು ಇನ್ನೊಂದು ಕಡೆಯಿಂದ, ಸಿ. ಅಶ್ವಥ್ ಅವರನ್ನು ಕೇಳಿ ಬೆಳೆದವರಿಂದ. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಅಶ್ವಥ್ ಕೊಟ್ಟ ಸಂಗೀತ ಮತ್ತು ಅವರ ಕ್ಯಾಸೆಟ್ಟುಗಳ ಮೂಲಕವೇ ಷರೀಫರು ಕನ್ನಡದ ಮನೆಮನೆಗೆ ಬಂದರು. ಆ ಕಂಠದ ಎದುರು ರಾಕ್ ಬೇಕೆ ಎಂದು ಅವರು ಕೇಳುತ್ತಾರೆ. ಅಶ್ವಥ್ ಅವರ ಹಾಡಿಕೆ ಕನ್ನಡದ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಧಾಟಿಯೂ ಷರೀಫರ ಕಾಲದ್ದಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತನ ಪದಗಳು ಭಜನಾ ಮೇಳಗಳ ಬಾಯಲ್ಲಿ ಊರಿಗೊಂದು ಬಗೆಯಾಗಿ ಬದುಕಿ ಬಂದವು. ದಾಸರ ಪದಗಳ ಕಥೆಯೂ ಇದೇ. ಹಂಪಿಯ ನದೀತೀರದ ಮಂಟಪವೊಂದಕ್ಕೆ ಪುರಂದರದಾಸರ ಹೆಸರಿದೆ. ಅವರ ಪದಗಳಲ್ಲಿ ಬಹುಪಾಲಿನ ಮೂಲ ಧಾಟಿ ಇಂದು ಉಳಿದಿಲ್ಲ. ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಪದವನ್ನು ಭೀಮಸೇನ ಜೋಶಿಯವರು ಹಾಡಿದ ಬಗೆಯೇ ಬೇರೆ, ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೇಳುವ ಬಗೆಯೇ ಬೇರೆ. ಎರಡನ್ನೂ ನಾವು ಪುರಂದರದಾಸರದೆಂದೇ ಕೈ ಮುಗಿದು ಕೇಳುತ್ತೇವೆ. ದಾಸರಿಗೆ ಕೊಟ್ಟ ಈ ಸ್ವಾತಂತ್ರ್ಯ ಷರೀಫರಿಗೂ ಸಿಗಬೇಕು.

‘ಲೋಕದ ಕಾಳಜಿ’ ಎಲ್ಲರಿಗೂ ಗೊತ್ತಿರುವಾಗ ಆಲ್ಬಂಗೆ ಅನ್ಯಾಯ ಆಗಿದ್ದೆಲ್ಲಿ ಎಂದೂ ಕೇಳಬಹುದು. ಹಾಡು ಗೆದ್ದು ಆಲ್ಬಂ ಸೋತದ್ದೇ ಇಲ್ಲಿನ ವಿಶೇಷ. 2008ರಲ್ಲಿ ಸಿಡಿ ಕೊಂಡವರು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. 2013ರ ಹೊತ್ತಿಗೆ ಜನ ಮೊಬೈಲಿಗೆ ಬಂದಿದ್ದರು, ಯೂಟ್ಯೂಬಿನಲ್ಲಿ ಒಂದೊಂದೇ ಹಾಡು ಹುಡುಕುತ್ತಿದ್ದರು. ಎಫ್‌ಎಂ ಕೇಂದ್ರಗಳು ಹಾಕುತ್ತಿದ್ದದ್ದು ಸಿನಿಮಾ ಹಾಡು. ಹೀಗಾಗಿ ಎಂಟರಲ್ಲಿ ಒಂದೆರಡು ಹಾಡುಗಳು ಊರೂರು ಸುತ್ತಿದವು, ಉಳಿದವು ಮೂಲೆ ಸೇರಿದವು. ಕೃತಿಯನ್ನು ಇಡಿಯಾಗಿ ಕೇಳದವರು ಕೃತಿಯಲ್ಲಿ ಒಗ್ಗಟ್ಟಿಲ್ಲ ಎಂದರೆ ಆ ತೀರ್ಪಿಗೆ ತೂಕವಿಲ್ಲ.

ಮೊದಲ ಕೇಳ್ಮೆಯ ತೀರ್ಪು ತಿರುಗಿದ ಉದಾಹರಣೆಗಳು ರಾಕ್ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಅಬ್ಬರದ ಎರಡು ಆಲ್ಬಂಗಳ ನಂತರ ಲೆಡ್ ಜೆಪ್ಪೆಲಿನ್ ತಂಡದವರು ವೇಲ್ಸಿನ ಹಳ್ಳಿಯಲ್ಲಿ ಕರೆಂಟಿಲ್ಲದ ಮನೆಯೊಂದರಲ್ಲಿ ಕೂತು ಅಕೂಸ್ಟಿಕ್ ಗಿಟಾರಿನ ಹಾಡು ಕಟ್ಟಿದರು. 1970ರಲ್ಲಿ ಮೂರನೇ ಆಲ್ಬಂ ಬಂದಾಗ ವಿಮರ್ಶಕರು ಮೂಗು ಮುರಿದರು. ಆ ತಂಡ ಜಾನಪದದ ಕಡೆ ತಿರುಗಿದ ಮಹತ್ವದ ಹೆಜ್ಜೆಯೆಂದು ಇಂದು ಅದನ್ನೇ ಹೊಗಳುತ್ತಾರೆ. ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’ 1977ರಲ್ಲಿ ಬಂದು ಕೋಟಿಗಟ್ಟಲೆ ಮಾರಾಟವಾಯಿತು. ಎರಡು ವರ್ಷಗಳ ನಂತರ ಬಂದ ಇಪ್ಪತ್ತು ಹಾಡುಗಳ ‘ಟಸ್ಕ್’ ಮಾರಾಟದಲ್ಲಿ ಅದರ ಹತ್ತಿರವೂ ಸುಳಿಯದೆ ಸೋಲು ಎನಿಸಿಕೊಂಡಿತು. ಈಗ ಆ ತಂಡದ ಅತಿ ಧೈರ್ಯದ ಕೆಲಸ ‘ಟಸ್ಕ್’ ಎನ್ನುವವರು ಬಹಳ. ಹಿಂದಿನ ಗೆಲುವಿನ ಸದ್ದು ಅಡಗಿದ ಮೇಲೆಯೇ ಇವುಗಳ ದನಿ ಕೇಳಿಸಿತು. ಮೂಲೆಗೆ ಬಿದ್ದ ಪ್ರತಿಯೊಂದು ಆಲ್ಬಂ ಶ್ರೇಷ್ಠ ಎಂದು ಇದರ ಅರ್ಥವಲ್ಲ; ಬಹಳಷ್ಟು ಆಲ್ಬಂಗಳು ಮರೆವಿಗೆ ತಕ್ಕವೇ. ವ್ಯತ್ಯಾಸ ಗೊತ್ತಾಗುವುದು ಮತ್ತೆ ಕೇಳಿದಾಗ ಹೊಸದೇನಾದರೂ ಸಿಗುತ್ತದೆಯೇ ಎಂಬುದರಿಂದ. ‘ಜಗ್ ಚಂಗಾ’ದ ಕೋಡಗನ ಪದದಲ್ಲಿ ಅದು ಸಿಗುತ್ತದೆ.

ಹಂಪಿ ಉತ್ಸವದ ವೇದಿಕೆಗಳಲ್ಲಿ ರಾಕ್, ಫ್ಯೂಷನ್ ತಂಡಗಳಿಗೆ ಒಂದು ಹೊತ್ತು, ಜಾನಪದ ಕಲಾವಿದರಿಗೆ ಇನ್ನೊಂದು ಹೊತ್ತು ಎಂದು ಪಾಲು ಮಾಡುವ ಬದಲು ಎರಡನ್ನೂ ಒಂದೇ ಹೊತ್ತಿಗೆ ಕೂರಿಸಬೇಕು. ಕಂಪ್ಲಿ ಕಡೆಯ ಭಜನಾ ಮೇಳವೊಂದು ಕೋಡಗನ ಪದ ಹಾಡಲಿ, ಅದರ ಬೆನ್ನಿಗೇ ರಾಕ್ ತಂಡವೊಂದು ಅದೇ ಪದ ಹಾಡಲಿ. ಆಲ್ಬಂ ಕೇಳದ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಗೊತ್ತಿರುವ ಒಂದು ಹಾಡಿಗೆ ನಿಲ್ಲಬೇಡಿ. ಎಂಟೂ ಹಾಡುಗಳನ್ನು ಆಲ್ಬಂನಲ್ಲಿರುವ ಕ್ರಮದಲ್ಲೇ ಒಮ್ಮೆ ಕೇಳಿ, ಆಮೇಲೆ ಮೊದಲ ಆಲ್ಬಂ ಹಾಕಿ.